ದೇವರ ಪೆಟ್ಟಿಗೆಯ ಮುಂದೆ ಫ್ಯಾಟ್ಸ್ ವಾಲರ್

ಅಮೆರಿಕದ ಫಿಲಡೆಲ್ಫಿಯಾದಿಂದ ಡೆಲವೇರ್ ನದಿ ದಾಟಿದರೆ ಕ್ಯಾಮ್ಡನ್ ಎಂಬ ಊರು. ಅಲ್ಲಿ ವಿಕ್ಟರ್ ಎಂಬ ಗ್ರಾಮಫೋನ್ ಕಂಪನಿಯ ಕಾರ್ಖಾನೆ ಇತ್ತು. ಗ್ರಾಮಫೋನಿನ ಮುಂದೆ ಕಿವಿಗೊಟ್ಟು ಕೂತ ನಾಯಿಯ ಚಿತ್ರ ನಮಗೆಲ್ಲ ಎಚ್.ಎಂ.ವಿ. ಹೆಸರಿನಲ್ಲಿ ಗೊತ್ತು, ಅಮೆರಿಕದಲ್ಲಿ ಅದೇ ನಾಯಿ ವಿಕ್ಟರ್ ಕಂಪನಿಯದು. 1918ರಲ್ಲಿ ಈ ಕಂಪನಿ ಕ್ಯಾಮ್ಡನ್ನಿನ ಟ್ರಿನಿಟಿ ಬ್ಯಾಪ್ಟಿಸ್ಟ್ ಚರ್ಚನ್ನು ಕೊಂಡು ಸ್ಟುಡಿಯೊ ಮಾಡಿಕೊಂಡಿತು. ಚರ್ಚು ಕಟ್ಟಿದವರು ದೇವರಿಗೆ ಕೇಳಿಸಲಿ ಎಂದು ಕಟ್ಟಿದ್ದರೇನೋ, ದನಿ ಅಲ್ಲಿ ಚೆನ್ನಾಗಿ ತುಂಬಿಕೊಳ್ಳುತ್ತಿತ್ತು. ಅಲ್ಲಿ ಎಸ್ಟಿ ಕಂಪನಿಯ ಒಂದು ದೊಡ್ಡ ಪೈಪ್ ಆರ್ಗನ್ ಕೂಡ ಇತ್ತು.

1926ರ ನವೆಂಬರ್ 17ರಂದು ಆ ಆರ್ಗನ್ ಮುಂದೆ ಇಪ್ಪತ್ತೆರಡು ವರ್ಷದ, ಭಾರೀ ಮೈಯ ಒಬ್ಬ ಕಪ್ಪು ತರುಣ ಬಂದು ಕೂತ. ಎರಡು ಹಾಡು ನುಡಿಸಿದ. ಒಂದು ಆಗಲೇ ಪ್ರಸಿದ್ಧವಾಗಿದ್ದ 'ಸೇಂಟ್ ಲೂಯಿಸ್ ಬ್ಲೂಸ್', ಇನ್ನೊಂದು ಅವನದೇ 'ಲೆನಾಕ್ಸ್ ಅವೆನ್ಯೂ ಬ್ಲೂಸ್'. ಭಜನೆಗೆ, ಮದುವೆಗೆ, ಶವಸಂಸ್ಕಾರಕ್ಕೆ ಮೀಸಲಾಗಿದ್ದ ವಾದ್ಯದಲ್ಲಿ ಹಾರ್ಲೆಮ್ ಬೀದಿಯ ಸಂಗೀತ ಹೊರಟಿತು. ಹುಡುಗನ ಹೆಸರು ಥಾಮಸ್ ರೈಟ್ ವಾಲರ್. ಜನ ಕರೆಯುತ್ತಿದ್ದುದು ಫ್ಯಾಟ್ಸ್ ವಾಲರ್ ಎಂದು. ಡುಮ್ಮ ವಾಲರ್ ಅನ್ನಿ.

ವಾಲರನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಪಿಯಾನೊದಿಂದ ಶುರು ಮಾಡುತ್ತಾರೆ. ತಲೆಯ ಮೇಲೆ ಓರೆಯಾಗಿ ಕೂತ ಟೋಪಿ, ಮೇಲೇರುವ ಹುಬ್ಬು, ಪಿಯಾನೊ ಮೇಲೆ ಒಂದು ಗ್ಲಾಸು, ಹಾಡಿನ ನಡುವೆ ಚಟಾಕಿ. ಯೂಟ್ಯೂಬಿನಲ್ಲಿ ಸಿಗುವ ವಾಲರ್ ಇವನೇ. ಪುಣೆಯ ಟ್ರಾಫಿಕ್ಕಿನಲ್ಲಿ ಆಫೀಸ್ ಕ್ಯಾಬಿನ ಹಿಂದಿನ ಸೀಟಿನಲ್ಲಿ ಕೂತು ನಾನು ಮೊದಲು ಕೇಳಿದ್ದೂ ಇವನನ್ನೇ. ಆದರೆ ಕೆಲವು ವರ್ಷ ಕೇಳಿದ ಮೇಲೆ, ಅವನ ಬದುಕಿನ ಕಥೆ ಅರ್ಥವಾಗಬೇಕಾದರೆ ಆರ್ಗನ್ನಿನಿಂದ ಶುರು ಮಾಡಬೇಕು ಅನ್ನಿಸಿದೆ. ಕಾರಣ ಸರಳ. ಪಿಯಾನೊ ಒಂದು ವಸ್ತು. ಆರ್ಗನ್ ಒಂದು ಕಟ್ಟಡ.

ಪೈಪ್ ಆರ್ಗನ್ ನೋಡದವರಿಗೆ ಒಂದು ಮಾತು. ನಮ್ಮ ಹಾರ್ಮೋನಿಯಂ ಇದೆಯಲ್ಲ, ಅದರ ದೊಡ್ಡಪ್ಪ ಎಂದಿಟ್ಟುಕೊಳ್ಳಿ. ಹಾರ್ಮೋನಿಯಂನಲ್ಲಿ ತಿದಿಯಿಂದ ಬಂದ ಗಾಳಿ ಹಿತ್ತಾಳೆಯ ಪುಟ್ಟ ನಾಲಿಗೆಗಳನ್ನು ಕಂಪಿಸುತ್ತದೆ. ಪೈಪ್ ಆರ್ಗನ್‌ನಲ್ಲಿ ಗಾಳಿ ನೂರಾರು, ಕೆಲವೊಮ್ಮೆ ಸಾವಿರಾರು ಕೊಳವೆಗಳಿಗೆ ನುಗ್ಗುತ್ತದೆ. ಕೆಲವು ಪೆನ್ಸಿಲಿನಷ್ಟು, ಕೆಲವು ತೆಂಗಿನ ಮರದಷ್ಟು. ಒಂದರ ಮೇಲೊಂದು ಮೆಟ್ಟಿಲಿನಂತೆ ಎರಡು ಮೂರು ಸಾಲು ಮನೆಗಳು ಕೈಗೆ. ಮಂದ್ರ ಸ್ವರಗಳಿಗೆ ಕಾಲಿನ ಕೆಳಗೆ ಮರದ ಪಟ್ಟಿಗಳ ಇನ್ನೊಂದು ಸಾಲು. ಯಾವ ಕೊಳವೆಗಳ ಗುಂಪು ನುಡಿಯಬೇಕು ಎಂಬುದಕ್ಕೆ ಪಕ್ಕದಲ್ಲಿ ಎಳೆಯುವ ಗುಬ್ಬಿಗಳು. ಇದನ್ನು ಯಾರೂ ಮನೆಗೆ ಒಯ್ಯಲಾರರು. ನುಡಿಸಬೇಕೆಂದರೆ ಆ ಕಟ್ಟಡದ ಬಾಗಿಲು ತೆಗೆಯುವವರು ಬೇಕು. ಯಾರು ಬಾಗಿಲು ತೆಗೆದರು, ಯಾರು ಮುಚ್ಚಿದರು ಎಂಬುದನ್ನು ಹಿಡಿದು ಹೋದರೆ ವಾಲರನ ಬದುಕು ಬೇರೆಯದೇ ರೀತಿ ಕಾಣುತ್ತದೆ.

ಮೊದಲ ಬಾಗಿಲು ಅಪ್ಪನದು. ವಾಲರ್ ಹುಟ್ಟಿದ್ದು 1904ರ ಮೇ 21ರಂದು, ನ್ಯೂಯಾರ್ಕಿನಲ್ಲಿ. ತಂದೆ ಎಡ್ವರ್ಡ್ ವರ್ಜೀನಿಯಾದಿಂದ ವಲಸೆ ಬಂದವರು. ಹೊಟ್ಟೆಪಾಡಿಗೆ ಸರಕು ಸಾಗಿಸುವ ಕೆಲಸ, ಮನಸ್ಸು ಪೂರ್ತಿ ಬ್ಯಾಪ್ಟಿಸ್ಟ್ ಧರ್ಮಪ್ರಚಾರದಲ್ಲಿ. ತಾಯಿ ಅಡೆಲೀನ್‌ಗೆ ಸಂಗೀತ ಬರುತ್ತಿತ್ತು. ಹನ್ನೊಂದು ಮಕ್ಕಳು ಹುಟ್ಟಿ ಐದು ಉಳಿದ ಮನೆ ಅದು. ತಂದೆ ಹಾರ್ಲೆಮ್‌ನ ಬೀದಿ ಮೂಲೆಯಲ್ಲಿ ನಿಂತು ಪ್ರವಚನ ಮಾಡುವಾಗ ಹುಡುಗ ಪಕ್ಕದಲ್ಲಿ ಕೂತು ಚಿಕ್ಕದೊಂದು ರೀಡ್ ಆರ್ಗನ್ ನುಡಿಸುತ್ತಿದ್ದ. ಆಗ ಅವನಿಗೆ ಹತ್ತು ವರ್ಷದ ಆಸುಪಾಸು.

ಈ ರೀಡ್ ಆರ್ಗನ್ ನಮಗೆ ಅಪರಿಚಿತವಲ್ಲ. ಕಾಲಿನಿಂದ ತಿದಿ ತುಳಿಯುತ್ತ ಎರಡೂ ಕೈಯಲ್ಲಿ ನುಡಿಸುವ ಈ ಜಾತಿಯ ಪೆಟ್ಟಿಗೆಯೇ ನಮ್ಮ ಕಂಪನಿ ನಾಟಕಗಳಲ್ಲಿ ಲೆಗ್ ಹಾರ್ಮೋನಿಯಂ ಆಗಿ ರಂಗದ ಮುಂದೆ ಕೂತಿದ್ದು. ನಮ್ಮ ಧಾರವಾಡದ ಕಡೆ ಹಾರ್ಮೋನಿಯಂಗೆ ಪೇಟಿ ಅನ್ನುತ್ತಾರೆ, ಕಾಲಿನದು ಕಾಲುಪೇಟಿ. ವಾಲರ್ ಚರ್ಚಿನ ಆರ್ಗನ್ನಿಗೆ ಇಟ್ಟ ಅಡ್ಡಹೆಸರಿನ ಅರ್ಥ 'ದೇವರ ಪೆಟ್ಟಿಗೆ' ಎಂದು ತಿಳಿದಾಗ ನನಗೆ ನಗು ಬಂತು. ಎಲ್ಲಿಯ ಹಾರ್ಲೆಮ್, ಎಲ್ಲಿಯ ಧಾರವಾಡ!

ಮಗ ಪಾದ್ರಿಯಾಗಲಿ ಎಂದು ತಂದೆಯ ಆಸೆ. ಪಡೆರೆವ್ಸ್ಕಿ ಎಂಬ ಪೋಲೆಂಡಿನ ಮಹಾನ್ ಪಿಯಾನೊ ವಾದಕನ ಕಛೇರಿಗೂ ಅವರೇ ಮಗನನ್ನು ಕರೆದುಕೊಂಡು ಹೋಗಿದ್ದರು. ಅಂದರೆ ಸಂಗೀತದ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ರ‍್ಯಾಗ್‌ಟೈಮ್, ಜಾಝ್ ಮೇಲೆ. ಅದು ಅವರಿಗೆ ಸೈತಾನನ ಸಂಗೀತ. ಹುಡುಗನಿಗೆ ಬೇಕಾಗಿದ್ದು ಅದೇ.

ಎರಡನೆಯ ಬಾಗಿಲು ಸಿನಿಮಾ ಮಂದಿರದ್ದು. ಮೂಕಿ ಚಿತ್ರಗಳ ಕಾಲ. ಪರದೆಯ ಮೇಲೆ ಕುದುರೆ ಓಡಿದರೆ ಕೆಳಗೆ ಯಾರಾದರೂ ಅದಕ್ಕೆ ತಕ್ಕಂತೆ ನುಡಿಸಬೇಕು. ಹಾರ್ಲೆಮ್‌ನ 135ನೇ ಬೀದಿಯಲ್ಲಿದ್ದ ಲಿಂಕನ್ ಥಿಯೇಟರಿನಲ್ಲಿ ವುರ್ಲಿಟ್ಸರ್ ಆರ್ಗನ್ ಇತ್ತು. ಶಾಲೆ ಬಿಟ್ಟ ವಾಲರ್ ದಿನಾ ಅಲ್ಲಿ ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ. ಪಿಯಾನೊ ನುಡಿಸುತ್ತಿದ್ದ ಹೆಂಗಸು ಇವನ ಆಸೆ ನೋಡಿ ತನ್ನ ಪಕ್ಕ ಕೂರಿಸಿಕೊಂಡಳು. ಮುಂದೆ, ಹದಿಹರೆಯದಲ್ಲೇ, ಆರ್ಗನ್ ನುಡಿಸುವ ಕೆಲಸ ಅವನದಾಯಿತು. ಸಂಬಳ, ಒಂದು ದೊಡ್ಡ ವಾದ್ಯ, ದಿನಕ್ಕೆ ಹಲವು ತಾಸು ಅಭ್ಯಾಸ. ಜೊತೆಗೆ ಕೇಳಲು ಒಂದಿಡೀ ಬಡಾವಣೆ. ಕಪ್ಪು ಜನರೇ ತುಂಬಿದ್ದ ಆ ಮಂದಿರದಲ್ಲಿ ಅಳುವ ದೃಶ್ಯಕ್ಕೆ ತಮಾಷೆಯ ರಾಗ ಹಾಕಿದರೆ ಜನ ಬಿದ್ದು ಬಿದ್ದು ನಗುತ್ತಿದ್ದರು. ವಾಲರನ ಹಾಸ್ಯ ಹುಟ್ಟಿದ್ದು ಅಲ್ಲೇ ಎಂದು ನನ್ನ ಊಹೆ.

ಆ ಮಂದಿರಕ್ಕೆ ಇವನನ್ನು ಕೇಳಲೆಂದೇ ಬರುತ್ತಿದ್ದ ಇನ್ನೊಬ್ಬ ಹುಡುಗನಿದ್ದ. ನ್ಯೂಜೆರ್ಸಿಯವನು. ದಿನವೂ ಬಂದು ಹಿಂದೆ ಕೂರುವುದನ್ನು ನೋಡಿ ವಾಲರ್ ಅವನನ್ನು ಒಳಗೆ ಕರೆದ. ಆ ಹುಡುಗ ಆರ್ಗನ್ ಪಕ್ಕ ನೆಲದ ಮೇಲೆ ಕೂತು ವಾಲರನ ಕಾಲುಗಳನ್ನು ನೋಡುತ್ತ ಪೆಡಲ್ ಕಲಿತ. ಮುಂದೆ ಅವನೇ ಕೌಂಟ್ ಬೇಸಿ, ಅಮೆರಿಕದ ದೊಡ್ಡ ಬ್ಯಾಂಡುಗಳಲ್ಲೊಂದರ ಯಜಮಾನ. ಇದನ್ನು ಬೇಸಿ ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದ. ಗುರುವಿನ ಪಾದದ ಹತ್ತಿರ ಕೂತು ಕಲಿತೆ ಎಂಬ ಮಾತು ಅವನ ವಿಷಯದಲ್ಲಿ ಅಕ್ಷರಶಃ ನಿಜ.

1920ರಲ್ಲಿ ತಾಯಿ ತೀರಿಕೊಂಡಳು. ಹದಿನಾರರ ಹುಡುಗ ಅಪ್ಪನ ಮನೆ ಬಿಟ್ಟು ರಸೆಲ್ ಬ್ರೂಕ್ಸ್ ಎಂಬ ಪಿಯಾನೊ ವಾದಕನ ಮನೆ ಸೇರಿದ. ಆ ಮನೆಯಲ್ಲಿ ತಾನೇ ನುಡಿಯುವ ಪಿಯಾನೊ ಇತ್ತು. ತೂತು ಕೊರೆದ ಕಾಗದದ ಸುರುಳಿ ಹಾಕಿದರೆ ಮನೆಗಳು ತಾವಾಗಿ ಕೆಳಗಿಳಿಯುವ ಯಂತ್ರ. ವಾಲರ್ ಅದನ್ನು ನಿಧಾನವಾಗಿ ಓಡಿಸಿ, ಕೆಳಗಿಳಿದ ಮನೆಗಳ ಮೇಲೆ ಬೆರಳಿಟ್ಟು, ಜೇಮ್ಸ್ ಪಿ. ಜಾನ್ಸನ್‌ನ ರಚನೆಗಳನ್ನು ಕಲಿತ. ಆಮೇಲೆ ಜಾನ್ಸನ್ನನೇ ಗುರುವಾಗಿ ಸಿಕ್ಕ. ಆ ಶೈಲಿಗೆ ಸ್ಟ್ರೈಡ್ ಎಂದು ಹೆಸರು. ಕನ್ನಡದಲ್ಲಿ ದಾಪುಗಾಲು ಎಂದರೆ ಸರಿಹೋಗುತ್ತದೆ. ಎಡಗೈ ಒಂದು ಮತ್ತು ಮೂರನೆಯ ಮಾತ್ರೆಗೆ ಮಂದ್ರದಲ್ಲಿ ಬೀಳುತ್ತದೆ, ಎರಡು ಮತ್ತು ನಾಲ್ಕಕ್ಕೆ ಮಧ್ಯಕ್ಕೆ ಹಾರಿ ಸ್ವರಗುಚ್ಛ ಹಿಡಿಯುತ್ತದೆ. ಅಷ್ಟರಲ್ಲಿ ಬಲಗೈ ತನ್ನ ಲಹರಿಯಲ್ಲಿರುತ್ತದೆ. ತಬಲಾ, ತಂಬೂರಿ, ಗಾಯಕ ಮೂವರನ್ನೂ ಒಬ್ಬನೇ ನಿಭಾಯಿಸಿದ ಹಾಗೆ. ವಾಲರನ ಅಂಗೈ ದೊಡ್ಡದು. ಹತ್ತು ಮನೆಯ ಅಂತರವನ್ನು ಸಲೀಸಾಗಿ ಹಿಡಿಯುತ್ತಿದ್ದ.

ಈ ಶೈಲಿಗೆ ಅನ್ನ ಹಾಕಿದ್ದು ಬಾಡಿಗೆ ಪಾರ್ಟಿಗಳು. ಹಾರ್ಲೆಮ್‌ನಲ್ಲಿ ಕಪ್ಪು ಜನರಿಗೆ ಮನೆ ಬಾಡಿಗೆ ದುಬಾರಿ, ಸಂಬಳ ಕಡಿಮೆ. ತಿಂಗಳ ಕೊನೆಗೆ ಬಾಡಿಗೆ ಹೊಂದದಿದ್ದರೆ ಮನೆಯವರು ಒಬ್ಬ ಪಿಯಾನೊ ವಾದಕನನ್ನು ಕರೆಸಿ, ಬಾಗಿಲಲ್ಲಿ ಚಿಲ್ಲರೆ ಟಿಕೆಟ್ ಇಟ್ಟು, ರಾತ್ರಿಯಿಡೀ ಕುಣಿತ ನಡೆಸುತ್ತಿದ್ದರು. ಮುಂಬೈಯಲ್ಲೋ ಬೆಂಗಳೂರಲ್ಲೋ ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲಿ ಬದುಕುವ ನಮ್ಮವರಿಗೆ ಇದರ ಬಿಸಿ ವಿವರಿಸಬೇಕಿಲ್ಲ. ಅಲ್ಲಿ ನುಡಿಸಲು ಆರ್ಗನ್ ಇರಲು ಸಾಧ್ಯವೇ? ಪಿಯಾನೊ ಎಲ್ಲ ಮನೆಯಲ್ಲೂ, ಎಲ್ಲ ಹೆಂಡದಂಗಡಿಯಲ್ಲೂ ಇತ್ತು. ಹೀಗೆ ಪಿಯಾನೊ ಅವನ ಕಸುಬಾಯಿತು.

ಶಿಕಾಗೊದ ಆಷ್ಟನ್ ಸ್ಟೀವನ್ಸ್ ಎಂಬ ವಿಮರ್ಶಕ ವಾಲರನ ಜೊತೆ ಮಾತಾಡಿ ಬರೆದ ಒಂದು ಮಾತು ಎಲ್ಲ ಕಡೆ ಉಲ್ಲೇಖವಾಗುತ್ತದೆ. ಅದರ ತಾತ್ಪರ್ಯ, ಆರ್ಗನ್ ವಾಲರನ ಹೃದಯದ ವಾದ್ಯ, ಪಿಯಾನೊ ಬರೀ ಹೊಟ್ಟೆಯದು. ಆರ್ಗನ್‌ನಲ್ಲಿ ಪಿಯಾನೊಗಿಂತ ಹೆಚ್ಚು ಬಣ್ಣ ಸಿಗುತ್ತದೆ ಎಂದು ವಾಲರ್ ತಾನೇ ಹೇಳಿದ್ದ.

ಈಗ ಕ್ಯಾಮ್ಡನ್ನಿಗೆ ಮರಳೋಣ. ವಿಕ್ಟರ್ ಆ ಬಾಗಿಲು ತೆಗೆಯಲು ಒಂದು ತಾಂತ್ರಿಕ ಕಾರಣವಿತ್ತು. 1925ಕ್ಕಿಂತ ಮೊದಲು ಧ್ವನಿಮುದ್ರಣಕ್ಕೆ ಮೈಕ್ ಇರಲಿಲ್ಲ. ಹಾಡುವವರು ದೊಡ್ಡ ಕೊಳವೆಯೊಳಗೆ ಹಾಡಬೇಕು, ಆ ಕಂಪನವೇ ಮೇಣದ ತಟ್ಟೆ ಕೊರೆಯಬೇಕು. ಆರ್ಗನ್ನಿನ ಮಂದ್ರ ಅದರಲ್ಲಿ ಹಿಡಿಯುತ್ತಲೇ ಇರಲಿಲ್ಲ. 1925ರಲ್ಲಿ ಮೈಕ್ ಬಂತು. ಆಮೇಲೆ ಕಂಪನಿಗೆ ತನ್ನ ಚರ್ಚಿನಲ್ಲಿದ್ದ ಆರ್ಗನ್ನನ್ನು ದುಡಿಸಿಕೊಳ್ಳಬೇಕೆನಿಸಿದ್ದು ಸಹಜ. ಅದರಲ್ಲಿ ಜಾಝ್ ನುಡಿಸಬಲ್ಲವನು ಬೇಕಾಯಿತು.

ನುಡಿಸುವುದು ಮಾತ್ರ ಸುಲಭವಿರಲಿಲ್ಲ. ನಮ್ಮ ವೃತ್ತಿಯವರಿಗೆ ಬೇಗ ಅರ್ಥವಾಗುವ ಸಮಸ್ಯೆ: ಲೇಟೆನ್ಸಿ. ಮನೆ ಒತ್ತಿದ ಮೇಲೆ ಕವಾಟ ತೆರೆಯಬೇಕು, ಗಾಳಿ ಕೊಳವೆಗೆ ಹೋಗಬೇಕು, ಕೊಳವೆ ನುಡಿಯಬೇಕು, ಆ ದನಿ ಕಿವಿಗೆ ಬರಬೇಕು. ದನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಕೊಳವೆ ಹತ್ತು ಮೀಟರ್ ದೂರವಿದ್ದರೆ ಅದೊಂದಕ್ಕೇ 30 ಮಿಲಿಸೆಕೆಂಡು. ಭಜನೆಗೆ ಇದು ಲೆಕ್ಕಕ್ಕೇ ಬಾರದು. ಎಲ್ಲರೂ ನಿಧಾನವಾಗಿ ಹಾಡುತ್ತಾರೆ. ಆದರೆ ಜಾಝ್‌ನಲ್ಲಿ ಲಯವೇ ಸರ್ವಸ್ವ. ನಿಮಿಷಕ್ಕೆ 120ರ ಗತಿಯಲ್ಲಿ ಮಾತ್ರೆಗೂ ಮಾತ್ರೆಗೂ ನಡುವೆ ಅರ್ಧ ಸೆಕೆಂಡು. ಸ್ವಿಂಗ್ ಎಂಬ ಆ ತೂಗಾಟ ಹುಟ್ಟುವುದೇ ಕೂದಲೆಳೆ ಮುಂದೆ, ಕೂದಲೆಳೆ ಹಿಂದೆ ಎಂಬ ಆಟದಲ್ಲಿ. ವಾದ್ಯವೇ ತಡಮಾಡಿದರೆ ಏನು ಮಾಡುವುದು? ಹ್ಯಾಂಗಿಂಗ್ ಆಗುವ ಕಾನ್ಫರೆನ್ಸ್ ಕಾಲಿನಲ್ಲಿ ಹುಟ್ಟುಹಬ್ಬದ ಹಾಡು ಹಾಡಿ ನೋಡಿದವರಿಗೆ ಗೊತ್ತು.

1928ರ ಮಾರ್ಚ್‌ನಲ್ಲಿ ಅದೇ ಚರ್ಚಿನಲ್ಲಿ ಇನ್ನೊಂದು ಮುದ್ರಣ. ವಾಲರ್ ಆರ್ಗನ್, ಗುರು ಜಾನ್ಸನ್ ಪಿಯಾನೊ, ಜಬ್ಬೊ ಸ್ಮಿತ್ ಕಾರ್ನೆಟ್, ಗಾರ್ವಿನ್ ಬುಷೆಲ್ ಕ್ಲಾರಿನೆಟ್ ಮತ್ತು ಬಸೂನ್. ಲೂಯಿಸಿಯಾನ ಶುಗರ್ ಬೇಬ್ಸ್ ಎಂಬ ಹೆಸರಿನಲ್ಲಿ ಆ ತಟ್ಟೆಗಳು ಬಂದವು. ಬುಷೆಲ್ ಮುಂದೆ ನೆನಪಿಸಿಕೊಂಡಂತೆ, ಕೊಳವೆಗಳು ಒಂದು ಕೋಣೆಯಲ್ಲಿ, ವಾದಕರು ಇನ್ನೊಂದರಲ್ಲಿ. ಎಲ್ಲರ ಜೊತೆ ಕೂಡಬೇಕಾದರೆ ವಾಲರ್ ಲಯಕ್ಕಿಂತ ಮುಂಚೆಯೇ ನುಡಿಸಬೇಕಾಗಿತ್ತು. ಅಂದರೆ ಕಿವಿಗೆ ಕೇಳುತ್ತಿರುವುದನ್ನು ನಂಬುವಂತಿಲ್ಲ. ಬೆರಳು ಒಂದು ಕಾಲದಲ್ಲಿ, ಕಿವಿ ಇನ್ನೊಂದು ಕಾಲದಲ್ಲಿ. ಆ ತಟ್ಟೆಗಳಲ್ಲಿ 'ವಿಲೋ ಟ್ರೀ' ಎಂಬ ಹಾಡು ಕೇಳಿ. ಡ್ರಮ್ ಇಲ್ಲ, ಏನಿಲ್ಲ, ಆದರೂ ಲಯ ಎಲ್ಲಿಯೂ ಕುಂಟುವುದಿಲ್ಲ. ಆರ್ಗನ್ ಅಷ್ಟು ಮೆತ್ತಗೆ ಬಂದು ಹೋಗುತ್ತದೆ. ಇಪ್ಪತ್ನಾಲ್ಕನೆಯ ಹುಟ್ಟುಹಬ್ಬಕ್ಕೆ ಇನ್ನೂ ಎರಡು ತಿಂಗಳು ಬಾಕಿಯಿದ್ದ ಹುಡುಗ.

ಅಷ್ಟರಲ್ಲಿ ಒಂದು ಬಾಗಿಲು ಮುಚ್ಚುತ್ತಿತ್ತು. 1927ರ ಅಕ್ಟೋಬರ್‌ನಲ್ಲಿ 'ದಿ ಜಾಝ್ ಸಿಂಗರ್' ಚಿತ್ರ ಮಾತಾಡತೊಡಗಿತು. ಕೆಲವೇ ವರ್ಷಗಳಲ್ಲಿ ದೇಶದ ತುಂಬ ಸಿನಿಮಾ ಮಂದಿರದ ವಾದಕರು ಕೆಲಸ ಕಳೆದುಕೊಂಡರು. ತಂತ್ರಜ್ಞಾನ ಒಂದು ಕೈಯಲ್ಲಿ ಮೈಕ್ ಕೊಟ್ಟು ಇನ್ನೊಂದು ಕೈಯಲ್ಲಿ ಕೆಲಸ ಕಿತ್ತುಕೊಂಡಿತು. ಲಿಂಕನ್ ಥಿಯೇಟರಿನ ಕಟ್ಟಡ ಕೊನೆಗೆ ಚರ್ಚ್ ಆಯಿತು! ಕ್ಯಾಮ್ಡನ್ನಿನಲ್ಲಿ ಚರ್ಚು ಸ್ಟುಡಿಯೊ, ಹಾರ್ಲೆಮ್‌ನಲ್ಲಿ ಸಿನಿಮಾ ಮಂದಿರ ಚರ್ಚು.

ಹಾಡು ಬರೆಯುವುದರಲ್ಲಿ ವಾಲರನಿಗೆ ಸರಿಸಾಟಿ ಕಡಿಮೆ. ಸಾಹಿತ್ಯ ಹೆಚ್ಚಾಗಿ ಆಂಡಿ ರಜಾಫ್‌ನದು. ಈ ರಜಾಫ್‌ನ ಕಥೆಯೇ ಒಂದು ಬೇರೆ ಲೇಖನ. ಫ್ರೆಂಚರು ಪದಚ್ಯುತಗೊಳಿಸಿದ ಮಡಗಾಸ್ಕರ್ ರಾಣಿಯ ವಂಶದವನು ಹಾರ್ಲೆಮ್‌ನಲ್ಲಿ ಹಾಡು ಬರೆಯುತ್ತಿದ್ದ. 1929ರಲ್ಲಿ ಇಬ್ಬರೂ ಸೇರಿ 'ಹಾಟ್ ಚಾಕೊಲೆಟ್ಸ್' ಎಂಬ ಸಂಗೀತ ಪ್ರದರ್ಶನಕ್ಕೆ ಹಾಡು ಕಟ್ಟಿದರು. 'ಏನ್ಟ್ ಮಿಸ್‌ಬಿಹೇವಿನ್' ಅದರದ್ದೇ. 'ಬ್ಲ್ಯಾಕ್ ಅಂಡ್ ಬ್ಲೂ' ಕೂಡ. ಚರ್ಮದ ಬಣ್ಣದ ನೋವನ್ನು ನೇರವಾಗಿ ಹೇಳಿದ ಆ ಎರಡನೆಯ ಹಾಡನ್ನು ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ ತಟ್ಟೆಯಿಂದಲೇ ರಾಲ್ಫ್ ಎಲಿಸನ್ ತನ್ನ 1952ರ 'ಇನ್‌ವಿಸಿಬಲ್ ಮ್ಯಾನ್' ಕಾದಂಬರಿಯ ಪೀಠಿಕೆ ಕಟ್ಟಿದ. ಬ್ರಾಡ್‌ವೇಯ ಬಿಳಿಯ ಪ್ರೇಕ್ಷಕರ ಮನರಂಜನೆಗೆ ಕಟ್ಟಿದ ಪ್ರದರ್ಶನದಲ್ಲಿ ಅಂಥ ಹಾಡು ಹೇಗೆ ಕೂತಿತು ಎಂದು ಈಗಲೂ ಆಶ್ಚರ್ಯ.

ಅದೇ ವರ್ಷ ವಾಲರ್ ಈ ಎರಡೂ ಸೇರಿದಂತೆ ಸುಮಾರು ಇಪ್ಪತ್ತು ಹಾಡುಗಳ ಹಕ್ಕನ್ನು ಪ್ರಕಾಶಕ ಅರ್ವಿಂಗ್ ಮಿಲ್ಸ್‌ಗೆ 500 ಡಾಲರಿಗೆ ಮಾರಿದ. ಹಾಡೊಂದಕ್ಕೆ 25 ಡಾಲರ್. ಮೊದಲ ಹೆಂಡತಿಗೆ ಕೊಡಬೇಕಾದ ಜೀವನಾಂಶ ಬಾಕಿ ಇತ್ತು; ಆ ಕಾರಣಕ್ಕೆ ಜೈಲಿಗೂ ಹೋಗಿ ಬಂದವನು. ಕೈಗೆ ದುಡ್ಡು ಬೇಕಿತ್ತು, ಬರೆದುಕೊಟ್ಟ. ಕುಡಿತ, ದುಂದು, ಮರೆವು ಎಲ್ಲ ಇತ್ತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಇದನ್ನು ಬರೀ ಕಲಾವಿದನ ಬೇಜವಾಬ್ದಾರಿ ಎಂದು ನಕ್ಕು ಬಿಡುವ ಬರಹಗಳು ನನಗೆ ಹಿಡಿಸುವುದಿಲ್ಲ. ಇಪ್ಪತ್ತೈದು ಡಾಲರಿಗೆ ಮಾರುವವನ ತಪ್ಪು ಒಂದಾದರೆ, ಇಪ್ಪತ್ತೈದು ಡಾಲರಿಗೇ ಕೊಳ್ಳಬಹುದು ಎಂದು ಗೊತ್ತಿರುವ ಮಾರುಕಟ್ಟೆಯದು ಇನ್ನೊಂದು. ದಿನವೂ ಕಾಂಟ್ರಾಕ್ಟ್ ಓದುವ ಕೆಲಸ ನನ್ನದು. ತಾನು ಬರೆದ ಕೋಡು ತನ್ನದಲ್ಲ ಎಂಬ ಕಲಮಿಗೆ ಸಹಿ ಹಾಕಿಯೇ ನಾವೆಲ್ಲ ಕೆಲಸಕ್ಕೆ ಸೇರಿದವರು. ನಮಗೆ ತಿಂಗಳ ಸಂಬಳವಾದರೂ ಇದೆ.

1932ರಲ್ಲಿ ಪ್ಯಾರಿಸಿಗೆ ಹೋಗಿ ಬಂದ. ಅಲ್ಲಿ ಮಹಾನ್ ಆರ್ಗನ್ ವಾದಕ ಮಾರ್ಸೆಲ್ ದ್ಯುಪ್ರೇ ಜೊತೆ ನೋತ್ರ್ ದಾಮ್ ಚರ್ಚಿನ ಆರ್ಗನ್ ನುಡಿಸಿದೆ ಎಂಬುದು ಅವನು ಬಂದವರಿಗೆಲ್ಲ ಹೇಳುತ್ತಿದ್ದ ಕಥೆ. ಕಥೆ ಹೇಳುವಾಗ ಉಪ್ಪು ಖಾರ ಹಚ್ಚುವುದು ಅವನ ಸ್ವಭಾವ. ಆದರೆ ಯಾವ ಕಥೆಯನ್ನು ಹೆಮ್ಮೆಯಿಂದ ಹೇಳಿಕೊಂಡ ನೋಡಿ. ಬ್ರಾಡ್‌ವೇಯ ಚಪ್ಪಾಳೆಯದಲ್ಲ, ದೇವರ ಪೆಟ್ಟಿಗೆಯದು.

ಆಮೇಲೆ ಸಿನ್ಸಿನಾಟಿ ರೇಡಿಯೊದಲ್ಲಿ ಕೆಲಸ, 1934ರಲ್ಲಿ ವಿಕ್ಟರ್ ಜೊತೆ ಹೊಸ ಒಪ್ಪಂದ. 'ಫ್ಯಾಟ್ಸ್ ವಾಲರ್ ಅಂಡ್ ಹಿಸ್ ರಿದಮ್' ಎಂಬ ಆರು ಜನರ ತಂಡ. ಕಂಪನಿ ಪೇಟೆಯ ಹಾಡುಗಳನ್ನು ಕೈಗೆ ಕೊಡುತ್ತಿತ್ತು, ಹಲವು ತೀರ ಪೇಲವ. ವಾಲರ್ ಅವನ್ನು ಹಾಡುತ್ತಲೇ ಅಣಕಿಸುತ್ತಿದ್ದ. ಪ್ರೇಮಗೀತೆಯ ಅತ್ಯಂತ ಮಧುರವಾದ ಸಾಲಿನಲ್ಲಿ ದನಿ ಹಿಗ್ಗಿಸಿ, ಮೂಗಿನಿಂದ ಎಳೆದು, ಕೊನೆಗೊಂದು ಗೊಣಗಾಟ. ಜನ ಹುಚ್ಚೆದ್ದು ಕೊಂಡರು. ನೂರಾರು ತಟ್ಟೆಗಳು ಬಂದವು. ಹಾಸ್ಯದ ಕೆಳಗೆ ಪಿಯಾನೊ ಎಷ್ಟು ಶುದ್ಧವಾಗಿದೆ ಎಂದು ಗಮನಿಸಿದರೆ ಅವನು ನಗುತ್ತಿರುವುದು ಯಾರನ್ನು ಎಂಬುದೂ ಗೊತ್ತಾಗುತ್ತದೆ. ಇಷ್ಟು ಜನಪ್ರಿಯನಾದ ಮನುಷ್ಯನಿಗೂ ದಕ್ಷಿಣದ ಊರುಗಳಲ್ಲಿ ಪ್ರದರ್ಶನ ಮುಗಿದ ಮೇಲೆ ಬಿಳಿಯರ ಹೋಟೆಲಿನಲ್ಲಿ ಮಲಗಲು ಕೋಣೆ ಇರಲಿಲ್ಲ.

ಮುಂಬೈ ಓದುಗರಿಗಾಗಿ ಇಲ್ಲೊಂದು ಪಕ್ಕದ ಮಾತು. ಈ ಉಸಿರುಗಟ್ಟುವಿಕೆಯಿಂದ ಹೊರಬಿದ್ದು ಏಷ್ಯಾಕ್ಕೆ ಬಂದ ಕಪ್ಪು ವಾದಕರೂ ಇದ್ದರು. ವಾಲರನಿಗಿಂತ ಒಂದು ವರ್ಷ ಹಿರಿಯನಾದ ಪಿಯಾನೊ ವಾದಕ ಟೆಡ್ಡಿ ವೆದರ್‌ಫೋರ್ಡ್ ಶಾಂಘೈ ಸುತ್ತಿ, ಮೂವತ್ತರ ದಶಕದಲ್ಲಿ ಮುಂಬೈ ತಾಜ್ ಹೋಟೆಲಿನಲ್ಲಿ ನುಡಿಸಿ, ಕಲ್ಕತ್ತಾದ ಗ್ರ್ಯಾಂಡ್ ಹೋಟೆಲ್ ಸೇರಿ, 1945ರಲ್ಲಿ ಅಲ್ಲೇ ಕಾಲರಾದಿಂದ ತೀರಿಕೊಂಡ. ಗೇಟ್‌ವೇ ಕಡೆ ಹೋದಾಗ ಆ ಗುಮ್ಮಟ ನೋಡಿ ನನಗೆ ಅವನ ನೆನಪಾಗುತ್ತದೆ. ವಾಲರ್ ಭಾರತಕ್ಕೆ ಬರಲಿಲ್ಲ.

ಅವನು ಹೋದದ್ದು ಬ್ರಿಟನ್ನಿಗೆ, 1938ರ ಬೇಸಿಗೆಯಲ್ಲಿ. ಸಭೆಗಳು ತುಂಬಿದವು. ಆದರೆ ನನಗೆ ಮುಖ್ಯ ಅನ್ನಿಸುವುದು ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಆಬಿ ರೋಡ್ ಸ್ಟುಡಿಯೊದಲ್ಲಿ ನಡೆದದ್ದು. ಮುಂದೆ ಬೀಟಲ್ಸ್‌ನಿಂದ ಜಗತ್ಪ್ರಸಿದ್ಧವಾದ ಅದೇ ಕಟ್ಟಡ. ಅಲ್ಲಿ ಕಾಂಪ್ಟನ್ ಕಂಪನಿಯ ಪೈಪ್ ಆರ್ಗನ್ ಇತ್ತು. ಅದರ ಮುಂದೆ ಕೂತು ವಾಲರ್ ಒಬ್ಬನೇ 'ಡೀಪ್ ರಿವರ್', 'ಗೋ ಡೌನ್ ಮೋಸೆಸ್', 'ಸ್ವಿಂಗ್ ಲೋ, ಸ್ವೀಟ್ ಚಾರಿಯಟ್' ನುಡಿಸಿದ. ಗುಲಾಮಗಿರಿಯ ಕಾಲದ ಕಪ್ಪು ಜನರ ಭಜನೆಗಳು. ನಮ್ಮ ತತ್ವಪದಗಳ ಹಾಗೆ ಬಾಯಿಂದ ಬಾಯಿಗೆ ಬಂದವು. ಅಪ್ಪನ ಪಕ್ಕ ಬೀದಿ ಮೂಲೆಯಲ್ಲಿ ನುಡಿಸಿದ ಸಂಗೀತ. ಚಟಾಕಿ ಇಲ್ಲ, ಗೊಣಗಾಟ ಇಲ್ಲ, ದನಿಯೇ ಇಲ್ಲ. ಅಮೆರಿಕದಲ್ಲಿ ಅವನಿಂದ ಕಂಪನಿಗೆ ಬೇಕಾಗಿದ್ದು ನಗು. ಇದನ್ನು ನುಡಿಸಲು ಅವನು ಸಮುದ್ರ ದಾಟಬೇಕಾಯಿತು. ಇವತ್ತು ವಾಲರನ ಒಂದೇ ಒಂದು ತಟ್ಟೆ ಉಳಿಸಿಕೊಳ್ಳಿ ಎಂದರೆ ನಾನು ಇವುಗಳಲ್ಲೊಂದನ್ನು ಇಟ್ಟುಕೊಳ್ಳುತ್ತೇನೆ. ಪಿಯಾನೊ ಪ್ರಿಯರು ಜಗಳಕ್ಕೆ ಬರಲಿ.

ಆರ್ಗನ್ ಕಟ್ಟಡದಿಂದ ಬಿಡುಗಡೆಯಾದದ್ದೂ ಅವನ ಕಾಲದಲ್ಲೇ. 1935ರಲ್ಲಿ ಲಾರೆನ್ಸ್ ಹ್ಯಾಮಂಡ್ ಎಂಬ ಗಡಿಯಾರ ತಯಾರಕ ಕೊಳವೆಯೇ ಇಲ್ಲದ ವಿದ್ಯುತ್ ಆರ್ಗನ್ನನ್ನು ಮಾರುಕಟ್ಟೆಗೆ ತಂದ. ಒಳಗೆ ಹಲ್ಲಿನ ಅಂಚಿನ ಲೋಹದ ಚಕ್ರಗಳು ಆಯಸ್ಕಾಂತದ ಮುಂದೆ ತಿರುಗುತ್ತವೆ, ಪ್ರತಿ ಚಕ್ರಕ್ಕೂ ಒಂದು ಸ್ವರ. ಒತ್ತಿದ ಕೂಡಲೇ ದನಿ. ಬಡ ಚರ್ಚುಗಳಿಗೆಂದು ಮಾಡಿದ್ದು. ಜಾಝ್ ವಾದಕರು ಹಿಡಿದುಕೊಂಡರು. ವಾಲರ್ ಒಂದನ್ನು ಮನೆಗೇ ತಂದಿಟ್ಟುಕೊಂಡ. ಬದುಕಿನಲ್ಲಿ ಮೊದಲ ಬಾರಿಗೆ ಯಾರ ಅಪ್ಪಣೆಯೂ ಇಲ್ಲದೆ ನಡುರಾತ್ರಿ ಆರ್ಗನ್ ನುಡಿಸಬಹುದಾಗಿತ್ತು. 1942ರ ಮಾರ್ಚ್‌ನಲ್ಲಿ ಮುದ್ರಿಸಿದ 'ಜಿಟರ್‌ಬಗ್ ವಾಲ್ಟ್ಸ್' ಹ್ಯಾಮಂಡ್ ಮೇಲೆ ನುಡಿಸಿದ್ದು. ಮಗ ಮೋರಿಸ್ ಪಿಯಾನೊದಲ್ಲಿ ತಿದ್ದುತ್ತಿದ್ದ ಒಂದು ಪಾಠದಿಂದ ಆ ರಾಗ ಹೊಳೆಯಿತಂತೆ. ಜಾಝ್ ಎಂದರೆ ನಾಲ್ಕು ಮಾತ್ರೆ ಎಂದೇ ಇದ್ದ ಕಾಲದಲ್ಲಿ ಮೂರು ಮಾತ್ರೆಯ ರಚನೆ. ಮೆಟ್ಟಿಲಿಳಿದು ಬರುವ ಮಗುವಿನ ಹಾಗೆ ಸ್ವರಗಳು ಉರುಳುತ್ತವೆ. ಈ ದಾರಿಯಲ್ಲೇ ಮುಂದೆ ವೈಲ್ಡ್ ಬಿಲ್ ಡೇವಿಸ್, ಆಮೇಲೆ 1956ರಿಂದ ಬ್ಲೂ ನೋಟ್ ತಟ್ಟೆಗಳಲ್ಲಿ ಜಿಮ್ಮಿ ಸ್ಮಿತ್ ಬಂದರು. ಹ್ಯಾಮಂಡ್ ಆರ್ಗನ್ ಜಾಝ್‌ನ ಮನೆಮಗನಾಯಿತು.

ವಾಲರನಿಗೆ ಅದನ್ನು ನೋಡುವಷ್ಟು ಆಯುಷ್ಯವಿರಲಿಲ್ಲ. 1942ರ ಜನವರಿಯಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಅವನ ಕಛೇರಿ. ಗಂಭೀರ ಸಂಗೀತಗಾರನಾಗಿ ಗುರುತಿಸಿಕೊಳ್ಳುವ ಅವಕಾಶ. ವಿರಾಮದಲ್ಲಿ ಕುಡಿದು ಬಂದು ಎರಡನೆಯ ಭಾಗದಲ್ಲಿ ಏನೇ ನುಡಿಸಲು ಹೋದರೂ ಗರ್ಶ್ವಿನ್‌ನ 'ಸಮ್ಮರ್‌ಟೈಮ್'ಗೇ ಜಾರುತ್ತಿದ್ದನಂತೆ. ವಿಮರ್ಶಕರು ಬಿಡಲಿಲ್ಲ. 1943ರಲ್ಲಿ 'ಸ್ಟಾರ್ಮಿ ವೆದರ್' ಚಿತ್ರದಲ್ಲಿ ಕಾಣಿಸಿಕೊಂಡ, ಅದೇ ವರ್ಷ 'ಅರ್ಲಿ ಟು ಬೆಡ್' ಎಂಬ ಬ್ರಾಡ್‌ವೇ ನಾಟಕಕ್ಕೆ ಸಂಗೀತ ಬರೆದ. ಬಿಳಿಯ ನಟರೇ ಹೆಚ್ಚಿದ್ದ ನಾಟಕಕ್ಕೆ ಕಪ್ಪು ಸಂಗೀತಗಾರನೊಬ್ಬ ಪೂರ್ತಿ ಸಂಗೀತ ಬರೆದದ್ದು ಆಗ ಹೊಸದು. ಡಿಸೆಂಬರ್‌ನಲ್ಲಿ ಹಾಲಿವುಡ್‌ನಲ್ಲಿ ಕಾರ್ಯಕ್ರಮ ಕೊಟ್ಟು, ಜ್ವರ ಹಿಡಿದ ಮೈಯಲ್ಲೇ ನ್ಯೂಯಾರ್ಕಿನ ರೈಲು ಹತ್ತಿದ. ಡಿಸೆಂಬರ್ 15ರ ಬೆಳಗಿನ ಜಾವ, ರೈಲು ಕಾನ್ಸಸ್ ಸಿಟಿ ತಲುಪುವ ಹೊತ್ತಿಗೆ ನ್ಯುಮೋನಿಯಾದಿಂದ ತೀರಿಕೊಂಡಿದ್ದ. ಮೂವತ್ತೊಂಬತ್ತು ವರ್ಷ. ಹಾರ್ಲೆಮ್‌ನ ಅಬಿಸೀನಿಯನ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ನಡೆದ ಶವಸಂಸ್ಕಾರಕ್ಕೆ ಸಾವಿರಾರು ಜನ ಸೇರಿದರು.

ಅದಕ್ಕೆ ಮೂರು ತಿಂಗಳ ಹಿಂದೆ, ಸೆಪ್ಟೆಂಬರ್‌ನಲ್ಲಿ, ಯುದ್ಧಕ್ಕೆ ಹೋದ ಸೈನಿಕರಿಗಾಗಿ ವಿ-ಡಿಸ್ಕ್ ಎಂಬ ತಟ್ಟೆಗಳಿಗೆ ನುಡಿಸಿದ್ದ. ಅವನ ಕೊನೆಯ ಸ್ಟುಡಿಯೊ ಮುದ್ರಣ ಅದು. ಒಬ್ಬನೇ ಕೂತು ಪಿಯಾನೊದಲ್ಲಿ ಹಳೆಯ ಹಾಡುಗಳನ್ನೆಲ್ಲ ಹಾಡಿ, ಎಂದಿನ ಚಟಾಕಿಗಳನ್ನೆಲ್ಲ ಹಾರಿಸಿ, ಹ್ಯಾಮಂಡ್ ಆರ್ಗನ್ನಿಗೂ ಕೂತ. ಅದರಲ್ಲಿ ನುಡಿಸಿದ್ದರಲ್ಲಿ ಒಂದು, ತಾಯಿಯಿಲ್ಲದ ಮಗುವಿನ ಅಳಲಿನ ಹಳೆಯ ಭಜನೆ. ಅಂತರ್ಜಾಲದಲ್ಲಿ ಸಿಗುತ್ತದೆ. ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಕೇಳಬೇಡಿ, ಕಾಲಿನಲ್ಲಿ ನುಡಿಸಿದ ಮಂದ್ರ ಅದರಲ್ಲಿ ಕಳೆದುಹೋಗುತ್ತದೆ. ಇಯರ್‌ಫೋನ್ ಹಾಕಿಕೊಳ್ಳಿ.